ಯಾರಿಗಾದರೂ ಹೊಳೆಯುವ ಕಿಸೆ

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎನ್ನುತ್ತಾರೆ. ನಾನು ಇದುವರೆಗೆ ಎಷ್ಟು ಮೂಗು ಕೊಯ್ದುಕೊಂಡಿದ್ದೇನೋ ನೆನಪಿಲ್ಲ. ಆದರೆ ಒಂದು ಪ್ಯಾಂಟಿನ ಕಿಸೆಗಾಗಿ, ಮುಂಬಯಿಯ ಸರಕಾರಿ ಅಧಿಕಾರಿಯ ಎದುರು, ನನ್ನದೇ ವಕೀಲನ ಪಕ್ಕದಲ್ಲಿ ಕೂತು ಕೊಯ್ದುಕೊಂಡದ್ದು ಒಂದೇ ಸಲ. ಅದನ್ನು ಹೇಳಬೇಕೆಂದರೆ ಕಿಸೆಯಿಂದಲೇ ಶುರು ಮಾಡಬೇಕು.

ಇಚಲಕರಂಜಿಯಲ್ಲಿ ನನ್ನದೊಂದು ಆಲ್ಟ್ರೇಶನ್ ಅಂಗಡಿ ಇದೆ. ಊರಿಗೆ ಊರೇ ಹೊಸ ಬಟ್ಟೆ ನೇಯುತ್ತದೆ, ನಾನು ಹರಿದದ್ದನ್ನು ನೋಡುತ್ತೇನೆ. ಶಿರೋಳಿಯ ಫೌಂಡ್ರಿಗಳಲ್ಲಿ ದುಡಿಯುವವರ ನೀಲಿ ಪ್ಯಾಂಟುಗಳು ನನ್ನಲ್ಲಿಗೆ ಗಂಟುಗಟ್ಟಲೆ ಬರುತ್ತವೆ. ಆ ಪ್ಯಾಂಟಿಗೆ ಏನೂ ಆಗಿರುವುದಿಲ್ಲ, ಮೊದಲು ಸಾಯುವುದು ಕಿಸೆ. ನಟ್ಟು, ಬೋಲ್ಟು, ಬೀಗದ ಕೈ, ಮೊಬೈಲು, ಎಲ್ಲದರ ಭಾರ ಆ ತೆಳ್ಳನೆ ಅರಿವೆಯ ತಳಕ್ಕೆ. ತೂತು ಬಿದ್ದರೆ ಟೇಲರ್ ಏನು ಮಾಡುತ್ತಾನೆ? ತೂತಿನ ಮೇಲಕ್ಕೆ ಒಂದು ಹೊಲಿಗೆ ಹಾಕಿ ಕೊಡುತ್ತಾನೆ. ಮೂರನೇ ಸಲಕ್ಕೆ ಆ ಕಿಸೆಯೊಳಗೆ ಕೈ ಹೋಗುವುದಿಲ್ಲ, ಬೆರಳು ಹೋಗುತ್ತದೆ. ಇಲ್ಲವೆಂದರೆ ಪೂರಾ ಕಿಸೆ ಕಿತ್ತು ಹೊಸದು ಹಾಕುತ್ತಾನೆ, ಅದು ಆರು ತಿಂಗಳಿಗೆ ಅದೇ ಜಾಗದಲ್ಲಿ ಮತ್ತೆ ಹರಿಯುತ್ತದೆ.

ನಮ್ಮದು ಜೈನರ ಮನೆ. ಸೋಸದ ನೀರು ಕುಡಿಯುವುದಿಲ್ಲ. ನಳದ ಬಾಯಿಗೆ ದಪ್ಪ ಅರಿವೆಯ ಸಣ್ಣ ಚೀಲ ಕಟ್ಟಿರುತ್ತೇವೆ. ನೀರು ರಭಸದಿಂದ ಬಂದ ದಿನ ಆ ಚೀಲ ಹರಿಯುತ್ತಿತ್ತು, ಅತ್ತೆ ಮಾಣಿಕಬಾಯಿ ನನ್ನ ಹೊಲಿಗೆಯಲ್ಲಿ ತಪ್ಪು ತೆಗೆಯುತ್ತಿದ್ದರು. ಊರ ಪ್ಯಾಂಟು ಹೊಲಿಯುವವಳಿಗೆ ಮನೆಯ ನಳದ ಚೀಲ ಹೊಲಿಯಲು ಬರುವುದಿಲ್ಲ ಎಂದು. ಒಂದು ಬೆಳಿಗ್ಗೆ ಸಿಟ್ಟು ಬಂದು ಲಂಗದ ಲಾಡಿಯೊಂದನ್ನು ತೆಗೆದುಕೊಂಡು ಚೀಲದ ತಳದ ಕೆಳಗಿನಿಂದ ಹಾಯಿಸಿ, ಎರಡೂ ತುದಿಯನ್ನು ಮೇಲೆ ನಳದ ಕತ್ತಿಗೆ ಬಿಗಿದೆ. ಭಾರವೆಲ್ಲ ಅರಿವೆಯನ್ನು ಬಿಟ್ಟು ಲಾಡಿಗೆ ಹೋಯಿತು. ಚೀಲ ಎಂಟು ತಿಂಗಳು ಬಾಳಿತು. ಪ್ಯಾಂಟಿನ ಕಿಸೆ ನನಗೆ ಹೊಳೆದದ್ದು ಅಲ್ಲೇ, ನಳದ ಮುಂದೆ, ಕೈಯಲ್ಲಿ ತಂಬಿಗೆ ಹಿಡಿದು ನಿಂತಾಗ.

ಹರಿದ ಕಿಸೆಯ ಕೆಳಗಿನ ಅರ್ಧ ಕತ್ತರಿಸುವುದು. ತಳದಲ್ಲಿ ಹೊಲಿಗೆಯೇ ಇಲ್ಲದ, ಮಡಿಕೆ ಹಾಕಿದ ಸಿದ್ಧ ಅರ್ಧ ಕಿಸೆಯನ್ನು ಅಲ್ಲಿ ಕೂಡಿಸುವುದು. ಅದರ ತಳದ ಕೆಳಗಿನಿಂದ ಒಂದು ಲಾಡಿ ಹಾಯಿಸಿ ಎರಡು ತುದಿಯನ್ನು ಸೊಂಟದ ಪಟ್ಟಿಗೆ ಹೊಲಿಯುವುದು. ಕಾಲು ಗಂಟೆಯ ಕೆಲಸ. ಪ್ಯಾಂಟು ಹರಿದರೂ ಈ ಕಿಸೆ ಹರಿಯುವುದಿಲ್ಲ. ಮೊದಲ ಪ್ಯಾಂಟನ್ನು ಗಂಡ ಬಾಬಾಸಾಹೇಬರಿಗೆ ತೋರಿಸಿದೆ. ಅವರು ಮಗ್ಗದ ಕಡೆ ಹೊರಟಿದ್ದರು, ಚಪ್ಪಲಿ ಮೆಟ್ಟುತ್ತಲೇ ನೋಡಿದರು.

"ಅದರಾಗೇನ ಐತಿ? ಲಾಡಿ ಕಟ್ಟೀದಿ, ಅಷ್ಟ ಅಲ್ಲ?"

ಈ ಮಾತಿನ ಜೊತೆಗೆ ನಾನು ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ್ದೇನೆ. ಅಡಿಗೆ ಮಾಡಿದರೆ ಅದರಾಗೇನ ಐತಿ, ಅಂಗಡಿ ತೆರೆದರೆ ಅದರಾಗೇನ ಐತಿ. ಮನೆಯಲ್ಲಿ ಕನ್ನಡದಲ್ಲಿ ಕೇಳಿದ್ದನ್ನೇ ಪೇಟೆಯಲ್ಲಿ ಮರಾಠಿಯಲ್ಲಿ ಕೇಳುತ್ತೇನೆ: ತ್ಯಾತ್ ಕಾಯ್ ಆಹೇ?

ಹರ್ಷದ ಎಂಬವನು ಶಿರೋಳಿಯಲ್ಲಿ ಕಾರ್ಖಾನೆಗಳಿಗೆ ಯೂನಿಫಾರ್ಮ್ ಹೊಲಿಸಿಕೊಡುತ್ತಾನೆ. ಮೊದಲು ರಿಪೇರಿಗೆಂದು ಇನ್ನೂರು ಪ್ಯಾಂಟು ನನಗೆ ಕಳಿಸಿದ. ಆಮೇಲೆ ಒಂದೂ ಬರಲಿಲ್ಲ. ನಾಲ್ಕು ತಿಂಗಳ ಮೇಲೆ ಒಬ್ಬ ಫೌಂಡ್ರಿಯವನು ಜಿಪ್ಪು ಹಾಕಿಸಲು ಪ್ಯಾಂಟು ತಂದ. ಒಳಗೆ ಕೈ ಹಾಕಿ ನೋಡಿದರೆ ನನ್ನ ಕಿಸೆ, ನನ್ನ ಲಾಡಿ, ಹೊಲಿಗೆ ಮಾತ್ರ ನನ್ನದಲ್ಲ. ಆ ಪ್ಯಾಂಟನ್ನೇ ಹಿಡಿದುಕೊಂಡು ಶಿರೋಳಿಗೆ ಹೋದೆ. ಹರ್ಷದ ನಗುತ್ತಲೇ, ಅತ್ತಿಗೆ ಎಂಬ ಸಲಿಗೆಯಲ್ಲಿ, ಕುರ್ಚಿ ಹಾಕಿಸಿದ.

"ವೈನಿ, ತ್ಯಾತ್ ಕಾಯ್ ಆಹೇ? ಒಂದ ಲಾಡಿ. ಕುರಿ ಕಾಯೋರಿಗೂ ತಿಳೀತೈತಿ ಇದು. ಇದರ ಮ್ಯಾಲ ನಿಮ್ಮ ಹೆಸರ ಬರದೈತೇನ್ರಿ?"

"ಬರಸ್ತೇನಿ," ಎಂದೆ. "ಬರಸಿ ನಿನಗ ತಂದ ತೋರಸ್ತೇನಿ."

ಹೇಗೆ ಬರೆಸುತ್ತಾರೆಂದು ಆಗ ನನಗೆ ಗೊತ್ತಿರಲಿಲ್ಲ. ಕೊಲ್ಹಾಪುರದಲ್ಲಿ ನಮ್ಮ ನೆಂಟರ ಪೈಕಿ ಆಶಿಷ ಎಂಬ ಹುಡುಗ ಪೇಟೆಂಟಿನ ವಕೀಲಿಕೆ ಮಾಡುತ್ತಾನೆಂದು ಅತ್ತೆಗೆ ಗೊತ್ತಿತ್ತು. ಅವನು ಅರ್ಜಿ ಹಾಕಿದ. ಎರಡು ವರ್ಷ ಕಾದೆವು. ಇನ್ನೇನು ಆಗುತ್ತದೆ ಎನ್ನುವಾಗ ಹರ್ಷದ ತಕರಾರು ಹಾಕಿದ. ಅವನ ತಕರಾರು ನಲವತ್ತು ಪುಟ ಇತ್ತು. ಆಶಿಷ ಅದನ್ನು ಒಂದೇ ಮಾತಿನಲ್ಲಿ ಹೇಳಿದ.

"ಕಾಕು, ಕಾನೂನ ಇಷ್ಟ ಕೇಳತೈತ್ರಿ. ಕೆಲಸ ಬಲ್ಲ ಒಬ್ಬ ಸಾಮಾನ್ಯ ಟೇಲರಗ ಇದು ತಾನ ಹೊಳೀತಿತ್ತೋ ಇಲ್ಲೋ? ಹೊಳೀತಿತ್ತು ಅಂದ್ರ ಪೇಟೆಂಟ್ ಇಲ್ಲ. ಯಾರಿಗರೆ ಹೊಳಿಯೂದಕ್ಕ ಸರಕಾರ ಹಕ್ಕ ಕೊಡಂಗಿಲ್ಲ."

ನಲವತ್ತು ಪುಟದಲ್ಲಿ ಹರ್ಷದ ಹೇಳಿದ್ದೂ ಅದೇ: ಅದರಾಗೇನ ಐತಿ. ಅಷ್ಟು ಇಂಗ್ಲಿಷ್ ಖರ್ಚು ಮಾಡಿ ನನ್ನ ಗಂಡನ ಮಾತನ್ನೇ ಹೇಳಿದ್ದ. ಅವತ್ತಿನಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಹರ್ಷದ ಎಷ್ಟು ಪ್ಯಾಂಟು ಮಾರಿದ ಎಂಬುದು ತಲೆಯಲ್ಲಿ ಇರಲೇ ಇಲ್ಲ. ಇದರಲ್ಲಿ ಏನೋ ಇದೆ, ಇದು ಸುಮ್ಮನೆ ಯಾರಿಗೂ ಹೊಳೆಯುವುದಲ್ಲ ಎಂದು ಯಾರಾದರೂ ಒಬ್ಬರು, ನನಗಿಂತ ದೊಡ್ಡವರು, ಕಾಗದದ ಮೇಲೆ ಬರೆದು ಕೊಡಬೇಕಾಗಿತ್ತು.

ಟೇಲರುಗಳಿಂದಲೇ ಬರೆಸಿ ತರೋಣ ಎಂದುಕೊಂಡೆ. ನುರಿತ ಟೇಲರುಗಳೇ "ನಮಗಿದು ಹೊಳೆದಿರಲಿಲ್ಲ" ಎಂದು ಬಾಂಡ್ ಪೇಪರಿನ ಮೇಲೆ ಸಹಿ ಹಾಕಿದರೆ ಮುಗಿಯಿತಲ್ಲ? ಮೊದಲು ಹೋದದ್ದು ಕೊಲ್ಹಾಪುರದ ಕಾಕಾಸಾಹೇಬರ ಹತ್ತಿರ. ಎಪ್ಪತ್ತು ವರ್ಷದವರು. ದೊಡ್ಡ ದೊಡ್ಡವರ ಸೂಟು ಹೊಲಿದ ಕೈ. ನನ್ನ ಕಿಸೆಯನ್ನು ಮಗುಚಿ ಮಗುಚಿ ನೋಡಿದರು, ಲಾಡಿ ಎಳೆದು ನೋಡಿದರು, "ಛಂದ ಐತಿ" ಎಂದರು. ನನಗೆ ಜೀವ ಬಂತು. ಆಮೇಲೆ ಕಾಗದ ಓದಿದರು.

"ಏನವಾ, ಐವತ್ತ ವರ್ಷ ಮಿಷಿನ್ ತುಳದ ಕಾಕಾಸಾಹೇಬಗ ತಲಿ ಇಲ್ಲ ಅಂತ ನಾನ ಬಾಂಡ್ ಮ್ಯಾಲ ಬರದ ಕೊಡ್ಲಿ?"

"ಹಂಗಲ್ರಿ ಕಾಕಾ, ಇದು ನಿಮಗ ಹೊಳದಿರಲಿಲ್ಲ ಅಂತ ಅಷ್ಟ..."

"ಹೊಳೀಲಾರದ್ದ ಏನೈತಿ ಇದರಾಗ? ಯಾರೂ ಕೇಳಿರಲಿಲ್ಲ, ನಾ ಮಾಡಿರಲಿಲ್ಲ. ಕೇಳಿದ್ರ ಮಾಡತಿದ್ದೆ."

ಚಹಾ ಕುಡಿಸಿಯೇ ಕಳಿಸಿದರು, ಸಹಿ ಮಾತ್ರ ಹಾಕಲಿಲ್ಲ. ಮುಂದಿನ ನಾಲ್ವರೂ ಹಾಕಲಿಲ್ಲ. ಒಬ್ಬನಂತೂ ಮಾತಾಡುತ್ತ ಮಾತಾಡುತ್ತ ಇದನ್ನು ತನ್ನ ಅಪ್ಪನೇ ಮಾಡುತ್ತಿದ್ದ ಎನ್ನುವವರೆಗೂ ಹೋದ. ನಮ್ಮ ಕಡೆ ಟೇಲರ್ ಬೇಕಾದರೆ ಬೆರಳು ಕತ್ತರಿಸಿ ಕೊಟ್ಟಾನು, "ನನಗೆ ಗೊತ್ತಿರಲಿಲ್ಲ" ಎಂದು ಬರೆದು ಕೊಡುವುದಿಲ್ಲ. ಅವತ್ತು ಮನೆ ಮುಟ್ಟುವಷ್ಟರಲ್ಲಿ ಹೊತ್ತು ಮುಳುಗಿತ್ತು. ನಮ್ಮಲ್ಲಿ ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಹಸಿದ ಹೊಟ್ಟೆಯಲ್ಲಿ ಊರ ಟೇಲರುಗಳನ್ನೆಲ್ಲ ಬೈದೆ. ಅತ್ತೆ ಜಪಮಾಲೆ ಕೆಳಗಿಟ್ಟರು.

"ಮೊದಲ ಕಿಸೆ ತೋರಸ್ತಿ, ಆಮ್ಯಾಲ ಕೇಳತಿ. ಉತ್ತರ ಹೇಳಿ ಒಗಟ ಕೇಳಿದ್ರ ಊರಾಗ ದಡ್ಡ ಯಾರ ಉಳದಾರ? ಹರದ ಪ್ಯಾಂಟ ಅಷ್ಟ ಕೊಟ್ಟ ನೋಡ."

ನಮ್ಮ ಅತ್ತೆ ನಾಲ್ಕನೇ ಇಯತ್ತೆ ಕಲಿತವರು. ಮರುದಿನ ಇದನ್ನೇ ಆಶಿಷನಿಗೆ ಹೇಳಿದಾಗ ಅವನು ಕುರ್ಚಿಯಿಂದ ಎದ್ದೇ ನಿಂತ.

ಹತ್ತು ಒಂದೇ ತರದ ನೀಲಿ ಪ್ಯಾಂಟು ಜೋಡಿಸಿದೆ. ಹತ್ತರದೂ ಬಲಗಿಸೆಯ ತಳ ಹರಿದಿತ್ತು. ನನ್ನ ಕಿಸೆ ಕಂಡಿರದ ಹತ್ತು ಮಂದಿಗೆ ಕೊಟ್ಟು ಒಂದೇ ಮಾತು ಹೇಳುವುದು: ಫೌಂಡ್ರಿಯವನ ಪ್ಯಾಂಟು, ಕಿಸೆ ಮತ್ತೆ ಹರಿಯಬಾರದು, ಹೇಗಾದರೂ ಮಾಡಿರಿ. ಇಚಲಕರಂಜಿಯಲ್ಲಿ ನನ್ನ ಕಿಸೆ ಕಾಣದ ಟೇಲರು ಮೂವರೇ ಸಿಕ್ಕರು. ಕೊಲ್ಹಾಪುರದಲ್ಲಿ ನಾಲ್ವರು. ಉಳಿದ ಮೂರು ಪ್ಯಾಂಟು ಹೊತ್ತುಕೊಂಡು ಎಸ್‌ಟಿ ಬಸ್ಸು ಹತ್ತಿ ಗಡಹಿಂಗ್ಲಜಕ್ಕೆ ಹೋದೆ. ಅಷ್ಟು ದೂರ ನನ್ನ ಕಿಸೆ ಹೋಗಿರಲಾರದು ಎಂದು ಲೆಕ್ಕ.

ಅವತ್ತು ಸಂತೆ. ಎರಡು ಪ್ಯಾಂಟು ಎರಡು ಅಂಗಡಿಗೆ ಕೊಟ್ಟೆ. ಮೂರನೇ ಟೇಲರು ಊಟಕ್ಕೆ ಹೋಗಿದ್ದ, ಅರ್ಧ ಗಂಟೆಯಲ್ಲಿ ಬರುತ್ತಾನೆ ಎಂದರು. ಅರ್ಧ ಗಂಟೆ ಕಾಯುವ ಜಾತಿ ನನ್ನದಲ್ಲ. ಎದುರಿಗೆ ಬೀಜದಂಗಡಿಯ ಕಟ್ಟೆಯ ಮೇಲೆ ಒಬ್ಬಳು ಮುದುಕಿ ಕೈಮಿಷನ್ನು ಇಟ್ಟುಕೊಂಡು ಸಂತೆಗೆ ಬಂದವರ ಹರಿದ ಚೀಲ ಹೊಲಿಯುತ್ತ ಕೂತಿದ್ದಳು. ಅವಳಿಗೆ ಕೊಟ್ಟರಾಯಿತು, ಹತ್ತು ತುಂಬುತ್ತದೆ ಎಂದು ಹತ್ತನೇ ಪ್ಯಾಂಟನ್ನು ಅವಳ ಮಡಿಲಿಗೆ ಹಾಕಿ, ಆ ಒಂದೇ ಮಾತು ಹೇಳಿ ಬಂದುಬಿಟ್ಟೆ. ಆ ಅರ್ಧ ಗಂಟೆ ನಾನು ತೆಪ್ಪಗೆ ಕಾದಿದ್ದರೆ ಈ ಕತೆ ಇರುತ್ತಿರಲಿಲ್ಲ.

ಮುಂದಿನ ವಾರ ಒಂದೊಂದೇ ಪ್ಯಾಂಟು ವಾಪಸು ತಂದೆ. ಬಸ್ಸಿನಲ್ಲೇ ಕಿಸೆ ಹೊರಗೆಳೆದು ನೋಡುವುದು, ಪಕ್ಕದ ಸೀಟಿನವರು ನನ್ನನ್ನು ನೋಡುವುದು. ಕಾಕಾಸಾಹೇಬರ ಶಿಷ್ಯನೊಬ್ಬ ತೂತಿನ ಮೇಲಕ್ಕೆ ಹೊಲಿಗೆ ಹಾಕಿದ್ದ. ಅವನೂ ಸೇರಿ ಹಾಗೆ ಹಾಕಿದವರು ಐವರು. ಮೂವರು ಪೂರಾ ಕಿಸೆ ಬದಲಿಸಿದ್ದರು. ಗಡಹಿಂಗ್ಲಜದವನೊಬ್ಬ ಗೋಣಿಯಷ್ಟು ದಪ್ಪ ಅರಿವೆಯ ತೇಪೆ ಹಾಕಿ, ಹಣ ಸಹ ಜಾಸ್ತಿ ತೆಗೆದುಕೊಂಡಿದ್ದ. ಒಬ್ಬನಿಗೂ ಲಾಡಿ ನೆನಪಾಗಿರಲಿಲ್ಲ. "ಈ ರಿಪೇರಿ ನಾನೇ ಮಾಡಿದ್ದು" ಎಂದು ಬರೆದು ಕೊಡಲು ಒಂಬತ್ತೂ ಮಂದಿ ಸಂತೋಷದಿಂದ ಸಹಿ ಹಾಕಿದರು, ತಮ್ಮ ಕೆಲಸದ ಮೇಲೆ ಸಹಿ ಹಾಕಲು ಯಾರಿಗೆ ನಾಚಿಕೆ? ನಾನು ಕುಣಿದಾಡಿದೆ. ಉಳಿದದ್ದು ಮುದುಕಿಯ ಪ್ಯಾಂಟು.

ಬೀಜದಂಗಡಿಯ ಕಟ್ಟೆಯ ಮೇಲೆ ಅವಳ ಪಕ್ಕದಲ್ಲೇ ಕೂತು ಬಲಗಿಸೆಯನ್ನು ಹೊರಗೆಳೆದೆ. ಕೆಳಗಿನ ಅರ್ಧ ಕತ್ತರಿಸಿ ಹೊಸ ಅರಿವೆ ಕೂಡಿಸಿತ್ತು. ತಳದಲ್ಲಿ ಹೊಲಿಗೆ ಇರಲಿಲ್ಲ. ತಳದ ಕೆಳಗಿನಿಂದ ಒಂದು ಲಾಡಿ ಹೋಗಿ ಎರಡು ತುದಿಯೂ ಸೊಂಟದ ಪಟ್ಟಿಗೆ ಹೊಲಿದಿತ್ತು. ಹೊಲಿಗೆ ನನ್ನದಕ್ಕಿಂತ ಒಪ್ಪವಾಗಿತ್ತು.

"ಇದನ್ನ ಎಲ್ಲಿ ನೋಡಿ ಮಾಡಿದಿ ಆಯಿ?" ಎಂದೆ. ನನ್ನ ಕಿಸೆ ಇಲ್ಲಿಗೂ ಬಂದಿರಬಹುದು, ಯಾರದೋ ಪ್ಯಾಂಟು ಬಿಚ್ಚಿ ನೋಡಿರಬಹುದು ಎಂಬ ಆಸೆ ಇನ್ನೂ ಇತ್ತು.

"ನೋಡೂದೇನ ಬಂತು? ಕುರಿಮರಿ ಕಲಿಸ್ಯಾವ," ಎಂದಳು. ಅವಳ ಹೆಸರು ಹಣಮವ್ವ, ಕುರಿ ಸಾಕುವ ಮನೆಯವಳು. "ಕುರಿ ಹೊಡಕೊಂಡ ಹೋಗುಮುಂದ ಹಾದ್ಯಾಗ ಈದ ಮರೀನ ಜೋಳಿಗ್ಯಾಗ ಹಾಕ್ಕೊಂಡ ನಡೀಬೇಕ. ನನ್ನ ಗಂಡನ ಜೋಳಿಗಿ ತಳಾ ಹರದ ಒಂದ ಮರಿ ಬಿತ್ತು. ಕಾಲ ಮುರೀತು ಅದರದು. ನಾ ಆಗ ಹೊಸಾ ಸ್ವಸಿ. ಕುಂತ ಭಾಳ ವಿಚಾರ ಮಾಡಿದ್ನಿ. ಭಾರ ಅರಬಿ ಮ್ಯಾಲ ಬಿಡಬಾರ್ದು ತಂಗಿ, ಲಾಡಿ ಮ್ಯಾಲ ಬಿಡಬೇಕ."

ಸೊಂಟದಿಂದ ಎಲೆ ಅಡಿಕೆಯ ಚಂಚಿ ತೆಗೆದು ತೋರಿಸಿದಳು. ಬಣ್ಣ ಹೋಗಿ ಜಿಡ್ಡುಗಟ್ಟಿದ ಚಂಚಿ. ಅದರ ತಳದಲ್ಲೂ ಲಾಡಿ.

"ಮಂದಿ ಕಿಸೆಕ್ಕೂ ಹಿಂಗ ಹೊಲೀತೀಯೇನ?"

"ಮದಿವಿ ಆದಾಗಿಂದ. ಯಾರರೆ ತಮ್ಮ ಕಿಸೆದಾಗ ತಲಿ ಹಾಕಿ ನೋಡತಾರೇನ? ಹರೀಲಿಲ್ಲಂದ್ರ ಸಾಕ ಅವರಿಗಿ." ಚಂಚಿಯನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ನನ್ನ ಮಗ ಕೃಷ್ಣಾತ ಅಂತಾನ, ಏನ ದೊಡ್ಡ ಕೆಲಸ ಮಾಡ್ದಂಗ ಮಾಡ್ತಿ ಮುದುಕಿ, ಅದರಾಗೇನ ಐತಿ ಅಂತ."

ನನಗೆ ಮೊದಲು ಆದದ್ದು ಹೊಟ್ಟೆಕಿಚ್ಚು. ಸುಳ್ಳು ಯಾಕೆ ಹೇಳಲಿ, ಆ ಕಿಸೆಯನ್ನು ಅಲ್ಲೇ ಕಿತ್ತು ಹಾಕಬೇಕೆನಿಸಿತು. ನಾನು ನಳದ ಮುಂದೆ ನಿಂತು ಕಂಡದ್ದನ್ನು ಇವಳು ನಲವತ್ತು ವರ್ಷದ ಹಿಂದೆ ಕಂಡು, ಹೆಸರೂ ಇಡದೆ, ಸಂತೆಯಲ್ಲಿ ಹೊಲಿದು ಹೊಲಿದು ಹಂಚಿದ್ದಳು. ಆಮೇಲೆ ಬಸ್ಸಿನಲ್ಲಿ ಕೂತಾಗ ಹೊಟ್ಟೆಕಿಚ್ಚು ಇಳಿದು ಹೆದರಿಕೆ ಹತ್ತಿತು. ಕಾಗಲ ದಾಟುವವರೆಗೂ ಆ ಪ್ಯಾಂಟನ್ನು ಮಡಿಲಲ್ಲಿ ಹಿಡಿದುಕೊಂಡೇ ಇದ್ದೆ.

ಆಶಿಷ ಹತ್ತನೇ ಪ್ಯಾಂಟಿನ ಕಿಸೆಯನ್ನು ಎರಡು ಸಲ ಮಗುಚಿ ನೋಡಿದ.

"ಕಾಕು, ಇದು ಹೊಳಿಯೂದ ಬಿಡೂದರ ಮಾತ ಅಲ್ರಿ. ಇದು ಹೊರಗ ಬಂದ್ರ ನಿಮ್ಮ ಕಿಸೆ ಹೊಸಾದೇ ಅಲ್ಲ ಅಂತ ಆಗತೈತಿ, ಹೊಸಾದಲ್ಲಂದ್ರ ಪೇಟೆಂಟ್ ಇಲ್ಲ. ಒಂಬತ್ತ ಮಂದೀದ ಕಾಗದ ಕೊಡೂಣು. ಕೇಳಿದ್ರ ಸುಳ್ಳ ಹೇಳಬ್ಯಾಡ್ರಿ. ಕೇಳಲಿಲ್ಲಂದ್ರ ಬಾಯಿ ತಗೀಬ್ಯಾಡ್ರಿ."

ಹೂಂ ಎಂದೆ. ಹೇಳುವುದು ಸುಲಭ. ವಿಚಾರಣೆಗೆ ಮೂರು ವಾರ ಇತ್ತು. ಆ ಮೂರು ವಾರ ನಾನು ಕತ್ತರಿ ಹುಡುಕುತ್ತ ಕತ್ತರಿ ಕೈಯಲ್ಲೇ ಹಿಡಿದು ತಿರುಗಿದೆ. ಗಿರಾಕಿಯ ಸೊಂಟ ಅಳೆದು ಇನ್ನೊಬ್ಬನ ಪ್ಯಾಂಟಿಗೆ ಬರೆದೆ. ಬಸ್‌ಸ್ಟ್ಯಾಂಡಿನವರೆಗೆ ಎರಡು ಸಲ ಹೋಗಿ, ಗಡಹಿಂಗ್ಲಜದ ಬಸ್ಸು ನೋಡಿ, ಹತ್ತದೆ ತಿರುಗಿ ಬಂದೆ. ಹತ್ತಿ ಹೋಗಿ ಹಣಮವ್ವನಿಗೆ ಹೇಳುವುದಾದರೂ ಏನನ್ನು? ಹತ್ತನೇ ಪ್ಯಾಂಟನ್ನು ಅಲಮಾರಿನ ತಳದಲ್ಲಿ ಹಾಸಿಗೆಯ ಚಾದರದ ಕೆಳಗೆ ಇಟ್ಟಿದ್ದೆ. ಒಂದು ದಿನ ನೋಡಿದರೆ ಅತ್ತೆ ಅದನ್ನು ತೆಗೆದು ಕಿಸೆ ಮಗುಚಿ ನೋಡುತ್ತಿದ್ದರು. ಹೇಳಲೇಬೇಕಾಯಿತು.

"ಆ ಮುದುಕಿ ಹೆಸರ ಬರದೀರೇನ ಕಾಗದದಾಗ?"

"ಅವರು ಕೇಳಿದ್ರ ಹೇಳೂದ್ರಿ."

"ಕೇಳದಿದ್ರ?"

ನಾನು ಚಾದರ ಸರಿಪಡಿಸತೊಡಗಿದೆ. ಅವರು ಪ್ಯಾಂಟನ್ನು ಮಡಿಚಿಟ್ಟು ನೀರು ಸೋಸಲು ಹೋದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು, ತಿರುಗಿ ಬೈದು ಹಗುರಾಗುತ್ತಿದ್ದೆ.

ವಿಚಾರಣೆ ನಡೆದದ್ದು ಕಂಪ್ಯೂಟರಿನಲ್ಲಿ. ಕೊಲ್ಹಾಪುರದ ಆಶಿಷನ ಆಫೀಸಿನಲ್ಲಿ ನಾವಿಬ್ಬರು, ಪರದೆಯ ಒಂದು ಚೌಕದಲ್ಲಿ ಮುಂಬಯಿಯ ಅಧಿಕಾರಿ, ಇನ್ನೊಂದರಲ್ಲಿ ಹರ್ಷದ ಮತ್ತು ಅವನ ಪುಣೆಯ ವಕೀಲ. ಅಧಿಕಾರಿ ತಾಳ್ಮೆಯ ಮನುಷ್ಯ, ನಮ್ಮ ಒಂಬತ್ತು ಕಾಗದ ಓದಿಕೊಂಡೇ ಬಂದಿದ್ದರು. ಪುಣೆಯ ವಕೀಲ ಕಿಸೆ ಹಳೆಯದು, ಲಾಡಿ ಹಳೆಯದು, ಕೂಡಿಸುವುದರಲ್ಲಿ ಬುದ್ಧಿ ಏನಿದೆ ಎಂದು ಇಂಗ್ಲಿಷಿನಲ್ಲಿ ವಾದಿಸಿದ. ಆಶಿಷ ಒಂದೇ ಪ್ರಶ್ನೆ ಕೇಳಿದ: ಅಷ್ಟು ಸುಲಭವಿದ್ದರೆ ಒಂಬತ್ತು ಜನ ನುರಿತವರಲ್ಲಿ ಒಬ್ಬರಿಗಾದರೂ ಯಾಕೆ ಹೊಳೆಯಲಿಲ್ಲ? ಅಧಿಕಾರಿ ತಲೆಯಾಡಿಸಿ ಏನೋ ಬರೆದುಕೊಂಡರು. ಆಶಿಷ ಮೇಜಿನ ಕೆಳಗೆ ನನ್ನ ಕೈ ತಟ್ಟಿದ. ಕಿಸೆ ನನ್ನದಾಗುವುದು ನನಗೇ ಕಾಣತೊಡಗಿತು.

ಹರ್ಷದನಿಗೂ ಕಂಡಿರಬೇಕು. ತನ್ನ ವಕೀಲನನ್ನು ಪಕ್ಕಕ್ಕೆ ಸರಿಸಿ ಮುಖವನ್ನು ಪರದೆಯ ತುಂಬ ತಂದ.

"ಸಾಹೇಬ, ಮೆಂಢರಂ ರಾಖಣಾರ್ಯಾ ಮ್ಹಾತಾರೀಲಾಹಿ ಹೇ ಸುಚೇಲ!"

ಕುರಿ ಕಾಯುವ ಮುದುಕಿಗೂ ಇದು ಹೊಳೆದೀತು ಎಂದ. ಅವನಿಗೆ ಹಣಮವ್ವ ಗೊತ್ತಿಲ್ಲ. ಅದು ಅವನ ಬಾಯಿಯ ರೂಢಿಯ ಮಾತು, ನನಗೂ ಹಿಂದೆ ಹೇಳಿದ್ದ. ಬುದ್ಧಿ ಇಲ್ಲದವರು ಯಾರೆಂದರೆ ಅವನಿಗೆ ಮೊದಲು ನೆನಪಾಗುವುದು ಕುರಿ ಕಾಯುವವರು. ನನ್ನ ಕಣ್ಣ ಮುಂದೆ ಆ ಕಟ್ಟೆ ಬಂತು, ಆ ಜಿಡ್ಡುಗಟ್ಟಿದ ಚಂಚಿ ಬಂತು, ಕಾಲು ಮುರಿದ ಮರಿಯ ಮುಂದೆ ಕೂತು ವಿಚಾರ ಮಾಡುತ್ತಿದ್ದ ಹೊಸ ಸೊಸೆ ಬಂದಳು. ಮೂರು ವಾರ ಹೊಟ್ಟೆಯಲ್ಲಿ ಅದುಮಿಟ್ಟದ್ದು ಒಂದೇ ಸಲ ಬಾಯಿಗೆ ಬಂತು. ಎದ್ದು ನಿಂತಿದ್ದೆ ಎಂದು ಆಶಿಷ ಆಮೇಲೆ ಹೇಳಿದ.

"ಸುಚಲಂ!" ಎಂದು ಮರಾಠಿಯಲ್ಲೇ ಕೂಗಿದೆ. "ಮ್ಹಾತಾರೀಲಾಚ್ ಸುಚಲಂ! ತುಲಾ ನಾಹೀ ಸುಚಲಂ!"

ಹೊಳೆದಿದೆ, ಆ ಮುದುಕಿಗೇ ಹೊಳೆದಿದೆ, ನಿನಗೆ ಹೊಳೆಯಲಿಲ್ಲ. ಅಷ್ಟಕ್ಕೆ ನಿಲ್ಲಿಸಿದ್ದರೂ ನಡೆಯುತ್ತಿತ್ತು. ನಾನು ನಿಲ್ಲಿಸುವವಳೇ? ಗಡಹಿಂಗ್ಲಜದ ಸಂತೆಯಲ್ಲಿ ಹಣಮವ್ವ ಎಂಬುವಳಿದ್ದಾಳೆ, ಹತ್ತನೇ ಪ್ಯಾಂಟು ಅವಳ ಕೈಯಲ್ಲಿತ್ತು, ಈ ಕಿಸೆಯನ್ನು ಅವಳು ಮದುವೆಯಾದಾಗಿನಿಂದ ಹೊಲಿಯುತ್ತಿದ್ದಾಳೆ, ಮೂರು ಊರಿನ ದೊಡ್ಡ ದೊಡ್ಡ ಟೇಲರುಗಳಿಗೆ ಹೊಳೆಯದ್ದು ಇಬ್ಬರು ಹೆಂಗಸರಿಗೆ ಹೊಳೆದಿದೆ, ಯಾರಿಗಾದರೂ ಹೊಳೆಯುತ್ತದೆ ಎಂದು ಇನ್ನೊಮ್ಮೆ ಅನ್ನಬೇಡ, ಎಂದು ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ. ಆಶಿಷ ನನ್ನ ದನಿ ಬಂದ್ ಮಾಡುವ ಗುಂಡಿ ಹುಡುಕುತ್ತಿದ್ದ. ಸಿಕ್ಕಾಗ ನನ್ನ ಮಾತು ಮುಗಿದಿತ್ತು.

ಪುಣೆಯ ವಕೀಲ ಹರ್ಷದನ ತೋಳು ಹಿಡಿದು ಸುಮ್ಮನಿರಿಸಿ ನಗತೊಡಗಿದ. ಅಧಿಕಾರಿ ಕನ್ನಡಕ ತೆಗೆದರು.

"ಬಾಯಿ, ನೀವು ಹೇಳಿದ್ದು ನಿಮಗೇ ವಿರುದ್ಧವಾಗುತ್ತದೆ, ಗೊತ್ತಿದೆಯೇ?" ಎಂದು ಮರಾಠಿಯಲ್ಲಿ ಕೇಳಿದರು.

"ಗೊತ್ತಿದೆ ಸಾಹೇಬ," ಎಂದೆ. ಆಮೇಲೆ ಅದನ್ನೇ ಬರೆದು, ಸಹಿ ಹಾಕಿ, ಹತ್ತನೇ ಪ್ಯಾಂಟಿನ ಫೋಟೋ ಸಮೇತ ಕಳಿಸಿಕೊಟ್ಟೆ. ಆಶಿಷ ಎರಡು ದಿನ ನನ್ನ ಫೋನು ಎತ್ತಲಿಲ್ಲ. ಗಂಡ ಮಾತ್ರ ಮೊದಲ ಸಲ ಅದರಾಗೇನ ಐತಿ ಎನ್ನಲಿಲ್ಲ. "ಕೈಗೆ ಬಂದ ತುತ್ತ ಬಾಯಿಗಿ ಬರಲಿಲ್ಲ ನೋಡ," ಎಂದು ಪೇಚಾಡಿಕೊಂಡರು. ಅತ್ತೆ ನನ್ನ ತಾಟಿಗೆ ಇನ್ನೊಂದು ಚಪಾತಿ ಹಾಕಿದರು. ಹೊತ್ತು ಮುಳುಗಲು ಇನ್ನೂ ಸಮಯ ಇತ್ತು.

ತೀರ್ಪು ಬರಲು ಎರಡು ತಿಂಗಳು ಹಿಡಿಯಿತು. ಹನ್ನೊಂದು ಪುಟ. ಹರ್ಷದ ಅವತ್ತೇ ಫೋನು ಮಾಡಿ, "ಈಗ ಎಲ್ಲಾರೂ ಹೊಲಿಯೂಣು ವೈನಿ, ಜಗಳ ಯಾಕ?" ಎಂದ. ಬಾಯಿಗೆ ಬಂದದ್ದನ್ನು ಅಂದು ಫೋನು ಇಟ್ಟೆ. ಆ ವಾರದ ಸಂತೆಗೆ ಕಾಗದ ಹಿಡಿದುಕೊಂಡು ಗಡಹಿಂಗ್ಲಜದ ಬಸ್ಸು ಹತ್ತಿದೆ. ಈ ಸಲ ಬಸ್‌ಸ್ಟ್ಯಾಂಡಿನಿಂದ ತಿರುಗಿ ಬರಲಿಲ್ಲ.

ಹಣಮವ್ವ ಅದೇ ಕಟ್ಟೆಯ ಮೇಲೆ ಇದ್ದಳು. ಸ್ವಲ್ಪ ದೂರದಲ್ಲಿ ಅವಳ ಮಗ ಕೃಷ್ಣಾತ ಟಗರಿನ ವ್ಯಾಪಾರ ಮಾಡುತ್ತ ನಾಲ್ಕು ಮಂದಿಯ ನಡುವೆ ನಿಂತಿದ್ದ. ನಾನು ಪಕ್ಕದಲ್ಲಿ ಕೂತು ಎಲ್ಲವನ್ನೂ ಮೊದಲಿನಿಂದ ಹೇಳಿದೆ. ನಳದ ಚೀಲ, ಹರ್ಷದ, ಹತ್ತು ಪ್ಯಾಂಟು, ಅಲಮಾರಿನಲ್ಲಿ ಬಚ್ಚಿಟ್ಟದ್ದನ್ನೂ ಬಿಡಲಿಲ್ಲ. ಕೊನೆಯ ಪುಟವನ್ನು ಕನ್ನಡ ಮಾಡಿ ಓದಿದೆ. ಈ ರಿಪೇರಿಯು ಕೆಲಸ ಬಲ್ಲವರಿಗೆ ತಾನಾಗಿ ಹೊಳೆಯುವಂಥದ್ದು ಎಂಬ ತಕರಾರು ಸಾಬೀತಾಗಿಲ್ಲ. ಆದರೆ ಅರ್ಜಿದಾರರೇ ಒಪ್ಪಿಕೊಂಡಂತೆ ಗಡಹಿಂಗ್ಲಜದ ಹಣಮವ್ವ ಎಂಬುವರು ಅರ್ಜಿಗಿಂತ ಬಹಳ ಮೊದಲಿನಿಂದ ಇದನ್ನು ಮಾಡುತ್ತ ಬಂದಿರುವುದರಿಂದ ಇದು ಹೊಸದಲ್ಲ. ಅರ್ಜಿ ತಿರಸ್ಕರಿಸಲಾಗಿದೆ.

ಮುದುಕಿ ಮಿಷನ್ನಿನ ಹಿಡಿಕೆ ತಿರುಗಿಸುತ್ತಲೇ ಕೇಳಿದಳು. "ಹಂಗಾರ ನಾ ಇರದಿದ್ರ ಕಿಸೆ ನಿಂದ ಆಗತಿತ್ತು."

"ಹೌದ ಆಯಿ."

"ಮತ್ತ ನನ್ನ ಹೆಸರ ಯಾಕ ತಗದಿ? ಹುಚ್ಚಿ."

ಹರ್ಷದನ ಮಾತನ್ನು ಅವಳಿಗೆ ಹೇಳುವುದೋ ಬೇಡವೋ ಎಂದು ತಡವರಿಸಿದೆ. ಆಮೇಲೆ ಹೇಳಿದೆ. ಕುರಿ ಕಾಯುವ ಮುದುಕಿಗೂ ಹೊಳೆದೀತು ಎಂದ, ಅದಕ್ಕೆ ತಡೆಯಲಾಗಲಿಲ್ಲ. ಹಿಡಿಕೆ ನಿಂತಿತು. ಅವಳು ನನ್ನ ಮುಖ ನೋಡಿದಳು, ನೋಡಿ ಮೈ ಕುಲುಕಿಸಿ ನಗತೊಡಗಿದಳು. ಸೆರಗಿನಿಂದ ಕಣ್ಣು ಒರೆಸಿಕೊಳ್ಳುವಷ್ಟು ನಕ್ಕಳು.

"ಖರೇನ ಹೇಳ್ಯಾನಲ್ಲ ಅವ! ಕುರಿ ಕಾಯೋ ಮುದುಕಿಗೇ ಹೊಳದದ್ದು. ಅದಕ್ಯಾಕ ಸಿಟ್ಟ ಮಾಡ್ಕೊಂಡಿ?"

ನನಗೂ ನಗು ಬಂತು. ಎರಡೂವರೆ ವರ್ಷದಲ್ಲಿ ಹಾಗೆ ನಕ್ಕಿರಲಿಲ್ಲ. ನಗುತ್ತ ನಗುತ್ತ ಅಳುವೂ ಬಂತು, ಕಿಸೆ ಹೋಗಿತ್ತಲ್ಲ. ಅವಳು ನನ್ನ ಬೆನ್ನ ಮೇಲೆ ಒಂದು ಏಟು ಕೊಟ್ಟಳು. ಆಮೇಲೆ ಕಾಗದವನ್ನು ಎತ್ತಿಕೊಂಡು ತಲೆಕೆಳಗಾಗಿ ಹಿಡಿದು ನೋಡಿದಳು.

"ಆ ಮದಲಿನ ಮಾತ ಇನ್ನೊಮ್ಮಿ ಓದು."

"ಯಾವುದ ಆಯಿ?"

"ಸುಮ್ಮ ಯಾರಿಗೂ ಹೊಳಿಯೂದಲ್ಲ ಅಂದದ್ದು." ಟಗರುಗಳ ಕಡೆ ಗದ್ದ ತೋರಿಸಿದಳು. "ಕುಂತ ಓದಬ್ಯಾಡ, ಎದ್ದ ನಿಂತ ಓದು. ಜೋರಲೆ. ನನ್ನ ಮಗ ಅಲ್ಲಿ ನಿಂತಾನ."

ನಾನು ಕಟ್ಟೆಯ ಮೇಲೆ ಎದ್ದು ನಿಂತೆ. ಸಂತೆಯ ಗದ್ದಲದಲ್ಲಿ ಮೊದಲ ಸಲ ಯಾರಿಗೂ ಕೇಳಿಸಲಿಲ್ಲ. ಕೃಷ್ಣಾತ ತಿರುಗಿ ನೋಡುವವರೆಗೂ ಓದಿದೆ.